ತೆಗೆದ ಫೋಟೋ ಎಲ್ಲಿ? ಹವ್ಯಾಸಿ ಛಾಯಾಗ್ರಾಹಕರು ಚಿತ್ರವನ್ನೂ ಅದರ ಜೊತೆಗಿನ ಮಾತನ್ನೂ ಹಂಚಿಕೊಳ್ಳುವ ಬಗೆ

2024ರ ಗೌರಿ ಹಬ್ಬದ ಹಿಂದಿನ ಸಂಜೆ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತಿದ್ದೆ. ನಾನು ಕ್ಯಾಮೆರಾ ಎತ್ತುವ ಮೊದಲೇ ಹೂವು ಮಾರುವ ಅಜ್ಜಿಯೊಬ್ಬರು ಕೇಳಿದರು: “ಯುಗಾದಿಗೆ ತೆಗೆದುಕೊಂಡು ಹೋದೆಯಲ್ಲಪ್ಪ, ಆ ಫೋಟೋ ಎಲ್ಲಿ?” ನನ್ನ ಬಳಿ ಉತ್ತರವಿರಲಿಲ್ಲ. ಆ ಫೋಟೋ ಮನೆಯ ಬೀರುವಿನೊಳಗಿನ ಹಾರ್ಡ್ ಡಿಸ್ಕಿನಲ್ಲಿ ಸಾವಿರಾರು ಫೋಟೋಗಳ ನಡುವೆ ಇತ್ತು. ತೆಗೆದ ಮೇಲೆ ಅದನ್ನು ಒಮ್ಮೆ ನೋಡಿದ್ದೆ. ಬೇರೆ ಯಾರೂ ನೋಡಿರಲಿಲ್ಲ.

ಫೋಟೋ ತೆಗೆಯುವುದನ್ನು ಕಲಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ತೆಗೆದ ಮೇಲೆ ಏನು ಮಾಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಪಕ್ಕದಲ್ಲಿ ಏನು ಬರೆಯಬೇಕು, ಯಾರ ಕೈಗೆ ಹೇಗೆ ಕೊಡಬೇಕು ಎಂಬುದನ್ನು ನಾನು ಅಜ್ಜಿಯ ಆ ಪ್ರಶ್ನೆಯ ನಂತರ ಒಂದೊಂದಾಗಿ ಕಲಿತೆ. ಹಾಗೆ ಕಲಿತದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಮೊಬೈಲಿನಲ್ಲಿ ತೆಗೆಯುವವರಿಗೂ ದೊಡ್ಡ ಕ್ಯಾಮೆರಾ ಇರುವವರಿಗೂ ಇದು ಒಂದೇ.

1. ಯಾರಿಗಾಗಿ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದ ಮೇಲ್ಗಡೆ ಒಬ್ಬರ ಹೆಸರು ಬರೆಯಿರಿ. ‘ಎಲ್ಲರಿಗೂ’ ಎಂದು ಬರೆಯಬೇಡಿ. ನಾನು ಅಕ್ಕನ ಹೆಸರು ಬರೆದುಕೊಂಡೆ. ಮದುವೆಯಾಗಿ ಪುಣೆಗೆ ಹೋದ ಮೇಲೆ ಅವಳಿಗೆ ಹಬ್ಬದ ಮಾರುಕಟ್ಟೆ ನೋಡಲು ಸಿಕ್ಕಿಲ್ಲ. ಅವಳಿಗೆ ದೇವರಾಜ ಮಾರುಕಟ್ಟೆ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಅರಿಸಿನ ಕುಂಕುಮದ ಗುಡ್ಡೆಗಳ ಫೋಟೋವನ್ನು ಅವಳು ನೂರು ಕಡೆ ನೋಡಿದ್ದಾಳೆ. ಅವಳಿಗೆ ಬೇಕಾಗಿರುವುದು ಬೇರೆ: ನಾವು ಚಿಕ್ಕವರಿದ್ದಾಗ ಅಪ್ಪ ವೀಳ್ಯದೆಲೆ ಕೊಳ್ಳುತ್ತಿದ್ದ ಮೂಲೆಯಲ್ಲಿ ಈಗ ಯಾರು ಕೂರುತ್ತಾರೆ, ಅಲ್ಲಿ ಈಗಲೂ ಎಲೆಗೆ ನೀರು ಚಿಮುಕಿಸುತ್ತಾರೆಯೇ ಎಂಬುದು.

ಹೀಗೆ ನೋಡುವವರು ಯಾರೆಂದು ಗೊತ್ತಾದ ಕೂಡಲೇ ಅರ್ಧದಷ್ಟು ಫೋಟೋಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಊರಿನ ಮೊಮ್ಮಕ್ಕಳಿಗಾಗಿ, ಹಳೆಯ ಸಹೋದ್ಯೋಗಿಗಾಗಿ, ಚಿತ್ರದಲ್ಲಿರುವ ವ್ಯಕ್ತಿಗಾಗಿಯೇ ಆದರೂ ಸರಿ, ಒಂದು ಹೆಸರು ಇರಲಿ. ಒಬ್ಬರಿಗಾಗಿ ಮನಸ್ಸಿಟ್ಟು ಮಾಡಿದ್ದು ಹತ್ತು ಮಂದಿಗೆ ಹಿಡಿಸುವುದನ್ನು ನಾನು ಕಂಡಿದ್ದೇನೆ. ಹತ್ತು ಮಂದಿಗೆಂದು ಮಾಡಿದ್ದು ಒಬ್ಬರನ್ನೂ ಮುಟ್ಟದೆ ಹೋದದ್ದನ್ನೂ ಕಂಡಿದ್ದೇನೆ.

2. ತೆಗೆದ ರಾತ್ರಿಯೇ ನಾಲ್ಕು ಸಾಲು

ಈ ಒಂದು ಅಭ್ಯಾಸವನ್ನು ಬಿಟ್ಟರೆ ಮುಂದೆ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಮನೆಗೆ ಬಂದ ರಾತ್ರಿ ಮಲಗುವ ಮುನ್ನ ನಾಲ್ಕು ಸಾಲು ಬರೆದಿಡಿ: ಕಿವಿಗೆ ಬಿದ್ದದ್ದು, ಮೂಗಿಗೆ ಬಂದದ್ದು, ಚೌಕಟ್ಟಿನ ಆಚೆ ನಡೆಯುತ್ತಿದ್ದದ್ದು, ಯಾರಾದರೂ ಆಡಿದ ಒಂದು ಮಾತು. ವಾಕ್ಯ ಚೆನ್ನಾಗಿರಬೇಕಾಗಿಲ್ಲ. ಗೌರಿ ಹಬ್ಬದ ಹಿಂದಿನ ರಾತ್ರಿ ನಾನು ಬರೆದದ್ದು ಇಷ್ಟು:

“ಒದ್ದೆ ಬಾಳೆನಾರಿನ ವಾಸನೆ. ಬಾಗಿನದ ಮೊರ ಹೊತ್ತವನು ‘ದಾರಿ, ದಾರಿ’ ಎಂದು ಕೂಗುತ್ತಿದ್ದ. ಅಜ್ಜಿಯ ಮೊಳ ಗಿಡ್ಡ, ನಾಲ್ಕು ಬೆರಳು ಹೆಚ್ಚು ಬಿಡುತ್ತಾರೆ. ‘ಗೌರಮ್ಮನಿಗೆ’ ಎಂದರು.”

ಫೋಟೋದಲ್ಲಿ ಬಣ್ಣ, ಬೆಳಕು, ದಿನಾಂಕ ಎಲ್ಲವೂ ದಾಖಲಾಗಿರುತ್ತದೆ. ಈ ನಾಲ್ಕು ಸಂಗತಿಗಳು ಮಾತ್ರ ಯಾವ ಕ್ಯಾಮೆರಾದಲ್ಲೂ ಉಳಿಯುವುದಿಲ್ಲ, ಮೂರು ದಿನ ಕಳೆದರೆ ತಲೆಯಲ್ಲೂ ಉಳಿಯುವುದಿಲ್ಲ. ಬರೆಯಲು ಬೇಸರವಾದರೆ ಮೊಬೈಲಿನಲ್ಲಿ ಮಾತಾಡಿ ಧ್ವನಿಮುದ್ರಿಸಿಕೊಳ್ಳಿ.

3. ಮೂರು ವಾರ ಹಾಗೆಯೇ ಬಿಡಿ

ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಕತ್ತಲಿನಲ್ಲೇ ಹತ್ತಿ ತೆಗೆದ ಸೂರ್ಯೋದಯದ ಚಿತ್ರವೊಂದು ನನ್ನ ಬಳಿ ಇದೆ. ಬಹಳ ದಿನ ಅದನ್ನು ನನ್ನ ಒಳ್ಳೆಯ ಚಿತ್ರಗಳಲ್ಲಿ ಒಂದೆಂದು ನಂಬಿದ್ದೆ. ತಿಂಗಳು ಕಳೆದು ನೋಡಿದಾಗ ಅಲ್ಲಿ ಕಂಡದ್ದು ಮಂಜು ಮತ್ತು ಕಿತ್ತಳೆ ಬಣ್ಣದ ಒಂದು ಚುಕ್ಕೆ ಮಾತ್ರ. ನನಗೆ ಇಷ್ಟವಾಗಿದ್ದುದು ಹತ್ತಿದ ದಣಿವು, ನಂದಿಯ ಬಳಿ ಕುಡಿದ ನೀರು, ಜೊತೆಗೆ ಬಂದ ಗೆಳೆಯನ ಹರಟೆ. ನೋಡುವವರಿಗೆ ಇದರಲ್ಲಿ ಯಾವುದೂ ಸಿಗುವುದಿಲ್ಲ.

ಅದಕ್ಕೇ ಆಯ್ಕೆಗೆ ಮುನ್ನ ಕನಿಷ್ಠ ಮೂರು ವಾರ ಕಾಯಿರಿ ಎನ್ನುತ್ತೇನೆ. ತೆಗೆಯಲು ಪಟ್ಟ ಶ್ರಮದ ನೆನಪು ಅಷ್ಟರಲ್ಲಿ ತಣ್ಣಗಾಗಿರುತ್ತದೆ, ಚಿತ್ರ ಮಾತ್ರ ಎದುರಿಗಿರುತ್ತದೆ. ಮನೆಯ ಮದುವೆ, ನಾಮಕರಣದಂಥ ಫೋಟೋಗಳಿಗೆ ಇದು ಅನ್ವಯಿಸುವುದಿಲ್ಲ. ಅವನ್ನು ಕಾಯುವವರು ಇರುತ್ತಾರೆ, ಬೇಗ ಕೊಟ್ಟುಬಿಡಿ.

4. ಚಾಪೆಯ ಮೇಲಿನ ಆಯ್ಕೆ

ಆ ವರ್ಷ ಮಾರುಕಟ್ಟೆಯಲ್ಲಿ ನಾನು ತೆಗೆದದ್ದು 340 ಚಿತ್ರಗಳು. ಅಕ್ಕನಿಗೆ ಕಳುಹಿಸಿದ್ದು 12. ನಡುವಿನ ಕೆಲಸ ಎರಡು ಹಂತದಲ್ಲಿ ನಡೆಯಿತು.

ಮೊದಲ ಹಂತ ಪರದೆಯ ಮೇಲೆ. ಚಿತ್ರಗಳನ್ನು ಬೇಗಬೇಗ ಸರಿಸುತ್ತಾ ಹೋಗಿ, ಕೈ ತಾನಾಗಿ ನಿಂತದ್ದಕ್ಕೆ ಮಾತ್ರ ನಕ್ಷತ್ರದ ಗುರುತು ಹಾಕಿ. ಯಾಕೆ ನಿಂತಿತು ಎಂದು ಆಗಲೇ ಯೋಚಿಸಬೇಡಿ. ಮರುದಿನ ಇನ್ನೊಮ್ಮೆ ಹಾಗೆಯೇ ಮಾಡಿ. ಎರಡೂ ದಿನ ನಿಂತವು ನನಗೆ 41 ಸಿಕ್ಕಿದವು.

ಎರಡನೆಯ ಹಂತಕ್ಕೆ ಪರದೆ ಬೇಡ. ಆ 41 ಚಿತ್ರಗಳನ್ನೂ ಬಡಾವಣೆಯ ಸ್ಟುಡಿಯೋದಲ್ಲಿ 4×6 ಇಂಚಿನ ಅಳತೆಗೆ ಪ್ರಿಂಟ್ ಹಾಕಿಸಿದೆ. ಹಜಾರದಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರಡಿದೆ. ಒಂದು ವಾರ ಅವು ಅಲ್ಲೇ ಇದ್ದವು. ಕಾಫಿ ಲೋಟ ಹಿಡಿದು ಓಡಾಡುವಾಗ, ಫೋನಿನಲ್ಲಿ ಮಾತಾಡುವಾಗ ಕಣ್ಣು ಬೀಳುತ್ತಿತ್ತು. ಪರದೆಯಲ್ಲಿ ಒಮ್ಮೆಗೆ ಒಂದೇ ಚಿತ್ರ ಕಾಣುತ್ತದೆ, ಚಾಪೆಯ ಮೇಲೆ ಅವು ಒಂದರ ಪಕ್ಕ ಒಂದು ಕುಳಿತು ತಮ್ಮ ತಮ್ಮ ಬಲವನ್ನೂ ಬಡತನವನ್ನೂ ತೋರಿಸಿಕೊಳ್ಳುತ್ತವೆ. ಸೇವಂತಿಗೆ ರಾಶಿಯ ಐದು ಚಿತ್ರಗಳು ಅಲ್ಲಿದ್ದವು. ಒಂದೊಂದೂ ಚೆಂದ. ಐದೂ ಜೊತೆಯಲ್ಲಿದ್ದಾಗ ಒಂದೂ ಚೆಂದ ಕಾಣಲಿಲ್ಲ. ನಾಲ್ಕನ್ನು ತೆಗೆದ ಕೂಡಲೇ ಉಳಿದ ಒಂದಕ್ಕೆ ಜೀವ ಬಂತು. ಅವಳಿ ಚಿತ್ರಗಳಲ್ಲಿ ಒಂದನ್ನು ಕೈಬಿಡುವುದು ಆಯ್ಕೆಯ ಅತಿ ಕಷ್ಟದ ಕೆಲಸ. ಅದನ್ನು ಮಾಡಲೇಬೇಕು.

ಮನೆಯವರು ಚಾಪೆಯ ಬಳಿ ನಿಂತಾಗ ‘ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ’ ಎನ್ನುವುದರ ಹೊರತು ಅವರಿಗೆ ದಾರಿಯಿಲ್ಲ. ‘ಒಂದನ್ನು ತೆಗೆಯಬೇಕಾದರೆ ಯಾವುದನ್ನು ತೆಗೆಯುತ್ತೀಯ?’ ಎಂದು ಕೇಳಿ. ನನ್ನ ಹೆಂಡತಿ ಯಾವ ಅನುಮಾನವೂ ಇಲ್ಲದೆ ಸೂರ್ಯನ ಕಿರಣ ಚಾವಣಿಯ ಸಂದಿಯಿಂದ ಇಳಿಯುವ ಚಿತ್ರವನ್ನು ಎತ್ತಿಟ್ಟಳು. “ಇದು ಎಲ್ಲಾದರೂ ತೆಗೆದದ್ದಿರಬಹುದು” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಉಳಿದವನ್ನು ಸಾಲಾಗಿ ಜೋಡಿಸುವಾಗ ಅತ್ಯುತ್ತಮ ಚಿತ್ರವನ್ನು ಮೊದಲು ಇಡಬೇಡಿ. ಮೊದಲನೆಯದು ಬಾಗಿಲಿನ ಹಾಗೆ, ಒಳಗೆ ಕರೆದರೆ ಸಾಕು. ದೂರದಿಂದ ತೆಗೆದದ್ದು, ನಡುವಿನದು, ತೀರ ಹತ್ತಿರದ್ದು ಹೀಗೆ ಅಂತರ ಬದಲಾಗುತ್ತಿರಲಿ. ಎರಡು ಚಿತ್ರ ಎದುರುಬದುರು ಪುಟದಲ್ಲಿ ಬಂದರೆ ಅವುಗಳಲ್ಲಿನ ಮುಖಗಳು ಪುಟದ ಒಳಕ್ಕೆ ನೋಡುವಂತಿರಲಿ. ಹೊರಕ್ಕೆ ನೋಡಿದರೆ ನೋಡುವವರ ಕಣ್ಣೂ ಪುಟದಿಂದ ಆಚೆ ಹೋಗುತ್ತದೆ.

5. ತಿದ್ದುವಾಗ ಕೈ ಹಿಡಿತದಲ್ಲಿರಲಿ

ಓರೆಯಾಗಿದ್ದರೆ ನೇರ ಮಾಡಿ, ಅಂಚು ಕತ್ತರಿಸಿ, ಕತ್ತಲಾಗಿದ್ದರೆ ಬೆಳಕು ಏರಿಸಿ. ನನ್ನ ತಿದ್ದುಪಡಿ ಇಷ್ಟಕ್ಕೇ ನಿಲ್ಲುತ್ತದೆ. ನೆನಪಿಗಾಗಿ ತೆಗೆದ ಚಿತ್ರದಲ್ಲಿ ವಿದ್ಯುತ್ ತಂತಿ, ಪ್ಲಾಸ್ಟಿಕ್ ಬಕೆಟ್, ಗೋಡೆಯ ಮೇಲಿನ ಪೋಸ್ಟರ್ ಇವನ್ನು ಅಳಿಸಬೇಡಿ. ಇಪ್ಪತ್ತು ವರ್ಷದ ನಂತರ ಜನ ಮೊದಲು ಹುಡುಕುವುದು ಅವನ್ನೇ.

ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಅನೇಕ ಮೊಬೈಲುಗಳಲ್ಲಿ ಮುಖವನ್ನು ನುಣುಪು ಮಾಡುವ, ಬಣ್ಣವನ್ನು ತಿಳಿಯಾಗಿಸುವ ಸೌಲಭ್ಯವಿದೆ. ಕೆಲವದರಲ್ಲಿ ನಾವು ಕೇಳದೆಯೇ ಅದು ಚಾಲೂ ಆಗಿರುತ್ತದೆ. ಅದನ್ನು ಆಫ್ ಮಾಡಿ. ಬಿಸಿಲಿನಲ್ಲಿ ದುಡಿದವರ ಮೈಬಣ್ಣವನ್ನು ಬೆಳ್ಳಗೆ ಮಾಡಿ ಅವರ ಕೈಗೇ ಕೊಡುವುದು ಅವರನ್ನು ಅವಮಾನಿಸಿದಂತೆ. ಪ್ರಿಂಟ್ ಹಾಕುವ ಸ್ಟುಡಿಯೋದವರೂ ಅಭ್ಯಾಸಬಲದಿಂದ ಮುಖಕ್ಕೆ ಬೆಳಕು ಏರಿಸುತ್ತಾರೆ. ಕೊಡುವಾಗಲೇ “ಬಣ್ಣ ಮುಟ್ಟಬೇಡಿ, ಇದ್ದ ಹಾಗೆ ಹಾಕಿ” ಎಂದು ಹೇಳಿ.

6. ಪಕ್ಕದಲ್ಲಿ ಬರೆಯುವ ಮಾತು

ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಅತಿ ಹೆಚ್ಚು ತಪ್ಪಾಗುವುದೂ ಇಲ್ಲಿಯೇ.

ಅಜ್ಜಿಯ ಕೈಯ ಚಿತ್ರವನ್ನೇ ತೆಗೆದುಕೊಳ್ಳೋಣ. ಚೌಕಟ್ಟಿನಲ್ಲಿ ಮುಖವಿಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ ಚಾಚಿದ ಒಂದು ಕೈ, ಅದರ ಉದ್ದಕ್ಕೂ ಹಿಡಿದ ಮಲ್ಲಿಗೆಯ ಮಾಲೆ, ರವಿಕೆಯ ತೋಳಿನ ಮೇಲೆ ನೀರಿನ ಕಲೆ, ಉಗುರಿನ ಸಂದಿಯಲ್ಲಿ ಹಸಿರು. ಇದಕ್ಕೆ ನಾನು ಮೊದಲು ಬರೆದದ್ದು:

“ಬದುಕಿನ ಮಾಲೆ ಕಟ್ಟುವ ಕೈಗಳು.”

ಓದಿದರೆ ಗಂಭೀರವಾಗಿ ಕೇಳುತ್ತದೆ. ಆದರೆ ಇದನ್ನು ಯಾವ ಊರಿನ ಯಾವ ಹೂವಾಡಗಿತ್ತಿಯ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದು. ಆ ಅಜ್ಜಿ ಇದರಲ್ಲಿ ಇಲ್ಲ. ಹೊಡೆದುಹಾಕಿ ಮತ್ತೆ ಬರೆದೆ:

“ಗೌರಿ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವ ಅಜ್ಜಿಯೊಬ್ಬರು ತಮ್ಮ ಕೈಯಿಂದ ಮಲ್ಲಿಗೆ ಮಾಲೆಯನ್ನು ಅಳೆಯುತ್ತಿದ್ದಾರೆ.”

ಇದರಲ್ಲಿ ಸುಳ್ಳಿಲ್ಲ. ಆದರೆ ಜಾಗ ಮತ್ತು ದಿನವನ್ನು ಬಿಟ್ಟರೆ ಉಳಿದದ್ದೆಲ್ಲ ಕಣ್ಣಿಗೇ ಕಾಣುತ್ತಿದೆ. ಕಂಡದ್ದನ್ನೇ ಮತ್ತೆ ಹೇಳಿದರೆ ಓದುವವರು ಮುಂದಿನ ಚಿತ್ರದಿಂದ ಓದುವುದನ್ನೇ ಬಿಡುತ್ತಾರೆ. ಆಮೇಲೆ ಆ ರಾತ್ರಿಯ ನಾಲ್ಕು ಸಾಲು ತೆಗೆದು ನೋಡಿದೆ. ಮೂರನೆಯ ಸಲ ಬರೆದದ್ದು ಅಕ್ಕನಿಗೆ ಹೋಯಿತು:

“ಈ ಅಜ್ಜಿಯ ಮೊಳ ನನ್ನ ಮೊಳಕ್ಕಿಂತ ಮೂರು ಬೆರಳು ಗಿಡ್ಡ. ಕೊಳ್ಳುವವರು ಅದನ್ನು ಎತ್ತಿ ಆಡುವ ಮೊದಲೇ ಅವರು ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಾರೆ. ಇನ್ನೊಂದು ಬೆರಳು ಯಾರಿಗೆ ಎಂದು ಕೇಳಿದೆ. ‘ಗೌರಮ್ಮನಿಗೆ’ ಎಂದರು. ನಮ್ಮ ಅಮ್ಮನೂ ಅಕ್ಕಿ ಅಳೆಯುವಾಗ ಪಾವು ತುಂಬಿದ ಮೇಲೆ ಒಂದು ಚಿಟಿಕೆ ಹಾಕುತ್ತಿದ್ದಳು. ಅದು ಯಾರಿಗೆ ಎಂದು ನಾವು ಕೇಳಲಿಲ್ಲ.”

ಅಕ್ಕ ಅಂದು ರಾತ್ರಿ ಫೋನ್ ಮಾಡಿದಳು. ಫೋಟೋದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಮ್ಮನ ಆ ಹಿತ್ತಾಳೆ ಪಾವು ಈಗ ಯಾರ ಮನೆಯಲ್ಲಿದೆ ಎಂದು ಕೇಳಿದಳು.

ಈ ಮೂರು ಪ್ರಯತ್ನಗಳಿಂದ ನಾನು ಕಲಿತ ನಿಯಮ ಒಂದೇ: ಚಿತ್ರದಲ್ಲಿ ಕಾಣುವುದನ್ನು ಬರೆಯಬೇಡಿ, ಚಿತ್ರಕ್ಕೆ ಸಿಗದೆ ಹೋದದ್ದನ್ನು ಬರೆಯಿರಿ. ಬರೆದು ಮುಗಿದ ಮೇಲೆ ಚಿತ್ರವನ್ನು ಅಂಗೈಯಿಂದ ಮುಚ್ಚಿ ಮಾತನ್ನು ಮಾತ್ರ ಓದಿ. ಅಷ್ಟರಿಂದಲೇ ಚಿತ್ರ ಪೂರ್ತಿ ಕಣ್ಣಮುಂದೆ ಬಂದರೆ ಮಾತು ಹೆಚ್ಚಾಗಿದೆ. ಆಮೇಲೆ ಮಾತನ್ನು ಮುಚ್ಚಿ ಚಿತ್ರ ನೋಡಿ. ಮಾತು ಇಲ್ಲದೆಯೂ ಚಿತ್ರ ಅಷ್ಟೇ ಹೇಳುತ್ತಿದ್ದರೆ ಬರೆದದ್ದನ್ನು ತೆಗೆದುಹಾಕಿ. ನನ್ನ 12 ಚಿತ್ರಗಳಲ್ಲಿ ಮೂರಕ್ಕೆ ಜಾಗ ಮತ್ತು ದಿನಾಂಕ ಬಿಟ್ಟು ಏನೂ ಬರೆಯಲಿಲ್ಲ.

ಅಳತೆ 40ರಿಂದ 60 ಪದ ಇದ್ದರೆ ಹಿತ. ಶೀರ್ಷಿಕೆ ಬೇಕಾದರೆ ಕೊನೆಯಲ್ಲಿ ಇಡಿ, ಮೊದಲೇ ಇಟ್ಟರೆ ಬರಹ ಅದರ ಹಿಂದೆ ಓಡುತ್ತದೆ. ‘ಮನಮೋಹಕ’, ‘ರಮಣೀಯ’, ‘ಪ್ರಕೃತಿಯ ಮಡಿಲು’ ಇಂಥ ಪದಗಳು ಕೈಗೆ ಬಂದರೆ ನಿಲ್ಲಿಸಿ, ಆ ಜಾಗದಲ್ಲಿ ನೀವು ನಿಜವಾಗಿ ಕಂಡ ಒಂದು ವಸ್ತುವಿನ ಹೆಸರು ಬರೆಯಿರಿ. ಹೂವು ಎಂದು ಬರೆಯುವ ಬದಲು ಕನಕಾಂಬರ, ಕಾಕಡ, ಸೇವಂತಿಗೆ. ಹಕ್ಕಿ ಎನ್ನುವ ಬದಲು ಹೆಜ್ಜಾರ್ಲೆ, ನೀರುಕಾಗೆ. ಕ್ಯಾಮೆರಾದ ಹೆಸರು, ಲೆನ್ಸು, ಶಟರ್ ವೇಗ ಇವು ಛಾಯಾಗ್ರಾಹಕ ಗೆಳೆಯರಿಗೆ ಬೇಕು, ಅಕ್ಕನಿಗೆ ಬೇಡ. ಬರೆದದ್ದನ್ನು ಒಮ್ಮೆ ಜೋರಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯ ಸರಿಯಾಗಿಲ್ಲ ಎಂದೇ ಅರ್ಥ.

ಇನ್ನೂ ಒಂದು: ನಿಮಗೆ ಅನಿಸಿದ್ದನ್ನು ಚಿತ್ರದಲ್ಲಿರುವವರ ತಲೆಗೆ ಕಟ್ಟಬೇಡಿ. ‘ಇವರ ಕಣ್ಣಿನಲ್ಲಿ ಎಷ್ಟು ನೋವು’ ಎಂದು ಬರೆಯುವವರನ್ನು ನೋಡುತ್ತೇನೆ. ಆ ಮನುಷ್ಯನಿಗೆ ಅಂದು ಬಿಸಿಲು ಕುಕ್ಕುತ್ತಿದ್ದಿರಬಹುದು. ಕೇಳಿದ್ದರೆ ಬರೆಯಿರಿ, ಕೇಳದಿದ್ದರೆ ನಿಮ್ಮ ಅನಿಸಿಕೆಯನ್ನು ನಿಮ್ಮದೆಂದೇ ಬರೆಯಿರಿ.

7. ಹಂಚುವ ಮೊದಲು ಕೇಳಬೇಕಾದದ್ದು, ಮುಚ್ಚಿಡಬೇಕಾದದ್ದು

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ನಿಮ್ಮ ಖುಷಿಗೆ ತೆಗೆದ ಫೋಟೋದ ಹಕ್ಕು ನಿಮ್ಮದೇ. ನೀವು ಬದುಕಿರುವಷ್ಟು ಕಾಲ, ಆಮೇಲೆ ತೀರಿಕೊಂಡ ನಂತರದ ವರ್ಷದಿಂದ 60 ವರ್ಷ ಅದು ಉಳಿಯುತ್ತದೆ. ಹಣ ಪಡೆದು ಬೇರೆಯವರಿಗಾಗಿ ತೆಗೆದಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಕ್ಕು ಹಣ ಕೊಟ್ಟವರಿಗೆ ಸೇರುತ್ತದೆ. ಆದರೆ ಕಾಯಿದೆಯ ಹಕ್ಕು ಒಂದು, ಮುಖದ ಒಡೆಯರ ಒಪ್ಪಿಗೆ ಇನ್ನೊಂದು. ನಾನು ಈಗ ಎರಡು ಸಲ ಕೇಳುತ್ತೇನೆ: ತೆಗೆಯಲೇ ಎಂದು ಒಮ್ಮೆ, ಬೇರೆಯವರಿಗೆ ತೋರಿಸಲೇ ಎಂದು ಇನ್ನೊಮ್ಮೆ. ಮೊದಲನೆಯದಕ್ಕೆ ಹೂಂ ಎಂದು ಎರಡನೆಯದಕ್ಕೆ ಬೇಡ ಎಂದವರಿದ್ದಾರೆ. ಆ ಚಿತ್ರಗಳು ನನ್ನ ಬಳಿಯೇ ಇವೆ.

ಮಕ್ಕಳ ವಿಷಯದಲ್ಲಿ ತಂದೆತಾಯಿಯನ್ನು ಕೇಳಿ. ಶಾಲೆಯ ಸಮವಸ್ತ್ರದ ಲಾಂಛನ, ಮನೆಯ ಬಾಗಿಲಿನ ಸಂಖ್ಯೆ, ವಾಹನದ ನಂಬರು ಕಾಣುತ್ತಿವೆಯೇ ಎಂದು ಹಿಗ್ಗಿಸಿ ನೋಡಿ. ಆಸ್ಪತ್ರೆಯ ಹಾಸಿಗೆ, ಸಾವಿನ ಮನೆ ಇವುಗಳ ಚಿತ್ರವನ್ನು ಮನೆಯವರೆಲ್ಲ ಒಪ್ಪುವವರೆಗೆ ಹೊರಗೆ ತರಬೇಡಿ. ಒಬ್ಬರು ಒಪ್ಪದಿದ್ದರೂ ಅಲ್ಲಿಗೆ ನಿಲ್ಲಿಸಿ.

ಹಕ್ಕಿ, ಪ್ರಾಣಿಗಳ ಫೋಟೋ ತೆಗೆಯುವವರು ಜಾಗವನ್ನು ಹೇಳುವಾಗ ಎಚ್ಚರವಾಗಿರಬೇಕು. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅದು ಲೋಕಕ್ಕೇ ಗೊತ್ತು, ಊರಿನವರು ಕಾಯುತ್ತಾರೆ, ಅದನ್ನು ಹೇಳಿದರೆ ತೊಂದರೆಯಿಲ್ಲ. ಆದರೆ ಕಾಡುಪಾಪದ ಚಿತ್ರ ಸಿಕ್ಕರೆ ಜಾಗವನ್ನು ತಾಲ್ಲೂಕಿನ ಮಟ್ಟಕ್ಕೂ ಹೇಳಬೇಡಿ. ಮಾಟಮಂತ್ರದ ಮೂಢನಂಬಿಕೆಯಿಂದ ಅದನ್ನು ಹಿಡಿಯುವವರಿದ್ದಾರೆ. ಗೂಡಿನಲ್ಲಿರುವ ಮರಿಗಳ ಫೋಟೋವನ್ನು ಹಂಚದಿರುವುದೇ ಒಳ್ಳೆಯದು. ಅದನ್ನು ನೋಡಿ ಹತ್ತು ಮಂದಿ ಅದೇ ಗೂಡಿಗೆ ಹೋಗುತ್ತಾರೆ, ತಾಯಿಹಕ್ಕಿ ಹೆದರಿ ಗೂಡು ಬಿಡುತ್ತದೆ.

ಬಾಯಿಂದ ಹೇಳದ ಜಾಗವನ್ನು ಫೈಲು ಹೇಳಿಬಿಡಬಹುದು. ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ಚಾಲೂ ಇದ್ದರೆ ಪ್ರತಿ ಚಿತ್ರದೊಳಗೆ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಹಾಗೆಯೇ ಹೋಗುತ್ತದೆ.

8. ಕಳುಹಿಸುವ ಫೈಲು

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳುಹಿಸಿದ ಚಿತ್ರದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಮೊಬೈಲಿನಲ್ಲಿ ನೋಡಲು ಅದು ಧಾರಾಳ. 4×6 ಪ್ರಿಂಟಿಗೂ ಪರವಾಗಿಲ್ಲ. 12×18ಕ್ಕೆ ಅದೇ ಫೈಲು ಕೊಟ್ಟರೆ ಇಂಚಿಗೆ 90 ಚುಕ್ಕೆಯೂ ಸಿಗುವುದಿಲ್ಲ, ಮುಖ ಮಂಕಾಗುತ್ತದೆ. ಆದ್ದರಿಂದ ಪ್ರಿಂಟ್ ಹಾಕಿಸಿಕೊಳ್ಳಲಿ ಎಂದು ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ, ಸ್ಥಳದ ಗುರುತನ್ನು ಮೊದಲೇ ತೆಗೆದುಹಾಕಿ. ಉಳಿಸುವಾಗ ತಂತ್ರಾಂಶ ಬಣ್ಣದ ಆಯ್ಕೆ (ಕಲರ್ ಸ್ಪೇಸ್) ಕೇಳಿದರೆ ಎಸ್‌ಆರ್‌ಜಿಬಿ (sRGB) ಎಂದು ಕೊಡಿ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಚಿತ್ರ ಎಷ್ಟೋ ಪರದೆಗಳಲ್ಲಿ ಸಪ್ಪೆಯಾಗಿ ಕಾಣುತ್ತದೆ.

ದೂರದ ಊರಿನವರಿಗೆ ಚಿತ್ರ, ಮಾತು ಎರಡೂ ಒಟ್ಟಿಗೆ ಹೋಗಬೇಕೆಂದರೆ ಪಿಡಿಎಫ್ ಮಾಡಿ. ಪುಟಕ್ಕೊಂದು ಚಿತ್ರ, ಕೆಳಗೆ ಬರಹ. ಬಿಡಿ ಫೋಟೋಗಳಾಗಿ ಕಳುಹಿಸಿದರೆ ಕ್ರಮ ತಪ್ಪುತ್ತದೆ, ಯಾವ ಮಾತು ಯಾವ ಚಿತ್ರದ್ದೆಂದು ತಿಳಿಯುವುದಿಲ್ಲ.

9. ಪ್ರಿಂಟ್ ಹಾಕಿಸುವಾಗ

ಮೊಬೈಲಿನ ಚಿತ್ರದ ಅನುಪಾತ ಸಾಮಾನ್ಯವಾಗಿ 4:3. ಪ್ರಿಂಟಿನ 4×6, 6×9, 12×18 ಎಲ್ಲವೂ 3:2. ಅಡ್ಡ ಚಿತ್ರವನ್ನು 4×6ಕ್ಕೆ ಹಾಕಿದಾಗ ಆರು ಇಂಚು ಅಗಲಕ್ಕೆ ನಾಲ್ಕೂವರೆ ಇಂಚು ಎತ್ತರ ಬೇಕಾಗುತ್ತದೆ, ಕಾಗದ ಇರುವುದು ನಾಲ್ಕೇ ಇಂಚು. ಉಳಿದ ಅರ್ಧ ಇಂಚನ್ನು ಯಂತ್ರ ಮೇಲೆ ಕೆಳಗೆ ಕತ್ತರಿಸುತ್ತದೆ, ಅಲ್ಲಿ ನಿಂತವರ ನೆತ್ತಿ ಹೋಗುತ್ತದೆ. ಹಾಗಾಗಿ 3:2 ಅಳತೆಗೆ ನೀವೇ ಕತ್ತರಿಸಿ ಕೊಡಿ.

ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿದ ಚಿತ್ರ ಕಾಗದದ ಮೇಲೆ ಕತ್ತಲಾಗಿ ಬರುತ್ತದೆ. ಪರದೆಯನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ನೋಡಿ, ಎಲ್ಲವನ್ನೂ ಹಾಕಿಸುವ ಮೊದಲು ಒಂದನ್ನು ಹಾಕಿಸಿ ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಕೈಯಿಂದ ಕೈಗೆ ದಾಟಿಸಿ ನೋಡುವ ಪ್ರಿಂಟಿಗೆ ಮ್ಯಾಟ್ ಕಾಗದ ವಾಸಿ, ಹೊಳಪಿನ ಕಾಗದದಲ್ಲಿ ಬೆರಳಿನ ಗುರುತು ಮೂಡುತ್ತದೆ. ಖರ್ಚು ಉಳಿಸುವ ದಾರಿಯೂ ಇದೆ: 12×18ರ ಒಂದು ಹಾಳೆಯಲ್ಲಿ 6×9ರ ನಾಲ್ಕು ಚಿತ್ರ ಸರಿಯಾಗಿ ಕೂರುತ್ತವೆ. ಹಾಳೆಯನ್ನು ನೀವೇ ಜೋಡಿಸಿ ಕೊಟ್ಟು ಅಲ್ಲಿಯೇ ಕತ್ತರಿಸಿಕೊಡಲು ಹೇಳಿ.

ಕನ್ನಡದ ಬರಹವನ್ನು ಚಿತ್ರದ ಜೊತೆಗೇ ಮುದ್ರಿಸುವುದಾದರೆ ಒಂದು ತೊಡಕು ಎದುರಾಗಬಹುದು. ನೀವು ಯುನಿಕೋಡ್‌ನಲ್ಲಿ ಬರೆದದ್ದು ಸ್ಟುಡಿಯೋದ ಹಳೆಯ ತಂತ್ರಾಂಶದಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ, ಅರ್ಕಾವತ್ತು ಜಾಗ ತಪ್ಪಿ ಮೂಡುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಬೇರೆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಬರಹವನ್ನು ಮನೆಯಲ್ಲೇ ಪುಟಕ್ಕೆ ಜೋಡಿಸಿ, ಚಿತ್ರ ರೂಪದಲ್ಲಿ ಉಳಿಸಿ ಕೊಟ್ಟರೆ ಎರಡೂ ತೊಂದರೆ ತಪ್ಪುತ್ತದೆ. ಕೊಡುವ ಮೊದಲು ‘ಅರ್ಧ’, ‘ಸೂರ್ಯ’, ‘ಮಾರ್ಗ’ದಂಥ ಪದಗಳನ್ನು ವಿಶೇಷವಾಗಿ ನೋಡಿಕೊಳ್ಳಿ.

10. ತೋರಿಸುವ ಸಂಜೆ

ಗೋಡೆಯ ಮೇಲಿನ ಪ್ರದರ್ಶನಕ್ಕೆ ಮುನ್ನ ಮನೆಯಲ್ಲಿ ಒಂದು ಸಂಜೆ ತೋರಿಸಿ. ಎಂಟು ಹತ್ತು ಮಂದಿ ಸಾಕು. ಪ್ರಿಂಟುಗಳನ್ನು ಒಂದೊಂದಾಗಿ ಕೈಗೆ ಕೊಡಿ, ಅವು ಸುತ್ತು ಬರಲಿ. ಮೊದಲು ಚಿತ್ರ ಮಾತ್ರ, ಅದು ಎಲ್ಲರನ್ನೂ ದಾಟಿ ನಿಮ್ಮ ಕೈಗೆ ಮರಳಿದ ಮೇಲೆ ಬರಹವನ್ನು ಓದಿ. ಮೊದಲೇ ಓದಿದರೆ ನೋಡುವವರು ನೀವು ಹೇಳಿದ್ದನ್ನು ಮಾತ್ರ ಹುಡುಕುತ್ತಾರೆ. ಅವರು ನೋಡುತ್ತಿರುವಾಗ ನೀವು ಸುಮ್ಮನಿರುವುದು ಬಹಳ ಮುಖ್ಯ, ಬಹಳ ಕಷ್ಟ ಕೂಡ.

ಆ ಸಂಜೆ ನಮ್ಮ ಮನೆಗೆ ಬಂದಿದ್ದ ಸೋದರಮಾವ ವೀಳ್ಯದೆಲೆ ಅಂಗಡಿಯ ಚಿತ್ರವನ್ನು ಕನ್ನಡಕದ ಹತ್ತಿರಕ್ಕೆ ತಂದು, ಹಿನ್ನೆಲೆಯಲ್ಲಿ ಮಸುಕಾಗಿದ್ದ ಮರದ ಪೆಟ್ಟಿಗೆಯನ್ನು ತೋರಿಸಿದರು. ನಮ್ಮ ಅಪ್ಪ ಅದರ ಮೇಲೆ ಕುಳಿತು ಲೆಕ್ಕ ಮುಗಿಸುತ್ತಿದ್ದರಂತೆ. ಹಲವು ಸಲ ನೋಡಿದ್ದ ಚಿತ್ರದಲ್ಲಿ ಆ ಪೆಟ್ಟಿಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬರಹವನ್ನು ಮರುದಿನ ಬದಲಾಯಿಸಿದೆ. ಹಿರಿಯರು ನೋಡುವಾಗ ಪಕ್ಕದಲ್ಲಿ ಪೆನ್ನು ಕಾಗದ ಇಟ್ಟುಕೊಂಡಿರಿ.

ಚಿತ್ರದ ಗುಣದೋಷ ತಿಳಿಯಬೇಕೆಂದರೆ ಛಾಯಾಗ್ರಾಹಕರ ಸಂಘಗಳಿಗೆ ಹೋಗಿ. ಬೆಂಗಳೂರಿನ ಯೂತ್ ಫೊಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಅಂಥ ಕಡೆ ಸಿಗುವ ವಿಮರ್ಶೆ ನೇರವಾಗಿರುತ್ತದೆ, ಚೌಕಟ್ಟು, ಬೆಳಕು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಆದರೆ ಅವರು ತಿರಸ್ಕರಿಸಿದ ಚಿತ್ರವೊಂದು ಮನೆಯವರಿಗೆ ಪ್ರಾಣವಾಗಿರಬಹುದು. ಎರಡು ಅಭಿಪ್ರಾಯವನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಿ.

11. ಉಳಿಸಿಡುವುದು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಫೋಲ್ಡರಿಗೆ ‘2024-09-05 ದೇವರಾಜ ಮಾರುಕಟ್ಟೆ’ ಎಂಬಂತೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಟ್ಟರೆ ಎಲ್ಲವೂ ತಾನಾಗಿ ಸಾಲಾಗಿ ನಿಲ್ಲುತ್ತವೆ. ಬರಹದ ಫೈಲನ್ನೂ ಅದೇ ಫೋಲ್ಡರಿನಲ್ಲಿ ಇಡಿ.

ದಿನಾಂಕವನ್ನು ಲಘುವಾಗಿ ಕಾಣಬೇಡಿ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬದಿಯ ಒಂದು ಭಾಗ ಕುಸಿಯಿತು. ಅದಕ್ಕೂ ಮುಂಚೆ ಆ ಬದಿಯ ಬಾಗಿಲಿನ ಬಳಿ ನಾನು ತೆಗೆದ ಕೆಲವು ಸಾಧಾರಣ ಚಿತ್ರಗಳಿವೆ. ಅವುಗಳ ಹಿಂದೆ ದಿನ, ತಿಂಗಳು, ವರ್ಷ ಬರೆದಿರುವುದರಿಂದಲೇ ಈಗ ಅವನ್ನು ಜನ ಕೇಳಿ ಪಡೆಯುತ್ತಾರೆ.

12. ಹಿಂಬದಿಯಲ್ಲಿ ಬರೆದು ಅವರ ಕೈಗೆ ಕೊಡಿ

ಲ್ಯಾಬಿನ ಪ್ರಿಂಟಿನ ಹಿಂಬದಿಗೆ ಪ್ಲಾಸ್ಟಿಕ್ಕಿನ ತೆಳು ಲೇಪವಿರುತ್ತದೆ. ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ. ಬಾಲ್‌ಪೆನ್ನನ್ನು ಒತ್ತಿ ಬರೆದರೆ ಮುಂಬದಿಯಲ್ಲಿ ಗೀರು ಎದ್ದು ಕಾಣುತ್ತದೆ. ಅಳಿಸದ ಶಾಯಿಯ ಸಣ್ಣ ಮೊನೆಯ ಮಾರ್ಕರ್ ತೆಗೆದುಕೊಂಡು, ಮುಖವಿರುವ ಜಾಗವನ್ನು ಬಿಟ್ಟು ಅಂಚಿಗೆ ಬರೆಯಿರಿ, ಒಣಗುವವರೆಗೆ ಒಂದರ ಮೇಲೊಂದು ಇಡಬೇಡಿ.

ಯುಗಾದಿಯ ಹಿಂದಿನ ದಿನದ ಆ ಫೋಟೋವನ್ನು 6×9ಕ್ಕೆ ಹಾಕಿಸಿ ದೀಪಾವಳಿಯ ಮುಂಚೆ ಅಜ್ಜಿಗೆ ಕೊಂಡುಹೋದೆ. ಹಿಂದೆ ಬರೆದಿದ್ದೆ: “8-4-2024, ದೇವರಾಜ ಮಾರುಕಟ್ಟೆ, ಹೂವಿನ ಸಾಲು.” ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡರು, ಬಹಳ ಹೊತ್ತು ನೋಡಿದರು, ತಿರುಗಿಸಿ ಪಕ್ಕದಲ್ಲಿದ್ದ ಮೊಮ್ಮಗಳ ಕೈಗೆ ಕೊಟ್ಟು ಓದಿಸಿದರು. ಅವಳು ಓದಿ ಮುಗಿಸಿದಾಗ ನನ್ನ ಕಡೆ ತಿರುಗಿ ಕೇಳಿದರು: “ನನ್ನ ಹೆಸರು ಬರೆದಿಲ್ಲವಲ್ಲಪ್ಪ?”

ಅಷ್ಟು ದಿನ ಅವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಕೇಳಿದೆ. ದಿನಾಂಕದ ಮೇಲ್ಗಡೆ, ಮೊದಲ ಸಾಲಾಗಿ ಬರೆದೆ. ಶಾಯಿ ಒಣಗುವವರೆಗೆ ಪ್ರಿಂಟನ್ನು ಅಂಚಿನಲ್ಲಿ ಹಿಡಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಅವರು ಇಬ್ಬರಿಗೆ ಒಂದೊಂದು ಮೊಳ ಮಲ್ಲಿಗೆ ಅಳೆದುಕೊಟ್ಟರು.